ಎಷ್ಟು ಬಡಿಸಲಿ?

ಅನ್ನವೋ, ಮುದ್ದೆಯೋ, ಚಪಾತಿಯೋ? ಸಕ್ಕರೆ ಕಾಯಿಲೆಯ ಮನೆಗಳಲ್ಲಿ ಈ ಚರ್ಚೆ ನಿಲ್ಲುವುದೇ ಇಲ್ಲ. ಆದರೆ ರಕ್ತದ ಸಕ್ಕರೆಯನ್ನು ಎಲ್ಲಕ್ಕಿಂತ ಹೆಚ್ಚು ಏರಿಳಿಸುವ ಸಂಗತಿ ಈ ಚರ್ಚೆಯಲ್ಲಿ ಬರುವುದೇ ಅಪರೂಪ: ತಟ್ಟೆಗೆ ಬಿದ್ದ ಕಾರ್ಬೋಹೈಡ್ರೇಟ್ ಎಷ್ಟು ಗ್ರಾಂ? ನವೆಂಬರ್ 14ರ ವಿಶ್ವ ಮಧುಮೇಹ ದಿನದ ಹೊತ್ತಿಗೆ ನಮ್ಮ ಅಡುಗೆಮನೆಯ ಲೆಕ್ಕ.

ತುಳಸಿ ಹಬ್ಬ ಮುಗಿಯುತ್ತಿದ್ದಂತೆ ಕಲ್ಯಾಣ ಮಂಟಪಗಳ ಬಾಗಿಲಿಗೆ ಬಾಳೆಕಂದು ಏರುತ್ತದೆ. ಒಳಗೆ ಮೊದಲ ಪಂಕ್ತಿ ಕೂತಾಗಿದೆ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ. ಆಮೇಲೆ ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಗೊಜ್ಜು. ಚಿತ್ರಾನ್ನ ಬಡಿಸಿದವನು ಮುಂದಿನ ಸಾಲಿಗೆ ದಾಟುವಷ್ಟರಲ್ಲಿ ಅನ್ನ ಬಂದಿದೆ. ಅದರ ಬೆನ್ನಿಗೇ ತೊವ್ವೆ, ತುಪ್ಪ. ಹೋಳಿಗೆ ಇನ್ನೂ ನಾಲ್ಕು ಎಲೆ ಆಚೆಗಿದೆ.

ಈ ಸಾಲಿನಲ್ಲಿ ಟೈಪ್ 1 ಮಧುಮೇಹವಿರುವ ಹತ್ತು ವರ್ಷದ ಹುಡುಗಿಯೊಬ್ಬಳು ಅಮ್ಮನ ಪಕ್ಕ ಕೂತಿದ್ದಾಳೆ ಎಂದುಕೊಳ್ಳಿ. ಅವಳ ದೇಹ ಇನ್ಸುಲಿನ್ ತಯಾರಿಸುವುದಿಲ್ಲ. ಊಟಕ್ಕೆ ಮುಂಚೆ ಪೆನ್ನಿನಿಂದ ಎಷ್ಟು ಯೂನಿಟ್ ಚುಚ್ಚಿಕೊಳ್ಳಬೇಕೆಂದು ಅಮ್ಮ ಎಲೆ ನೋಡಿಯೇ ತೀರ್ಮಾನಿಸಬೇಕು. 30 ಗ್ರಾಂ ಮೈದಾ, 25 ಗ್ರಾಂ ಕಡಲೆಬೇಳೆ, 25 ಗ್ರಾಂ ಬೆಲ್ಲದಿಂದ ಆದ ಹೋಳಿಗೆಯಾದರೆ ಅದರಲ್ಲಿ ಸುಮಾರು 55 ಗ್ರಾಂ ಕಾರ್ಬೋಹೈಡ್ರೇಟ್. ನೂರು ಗ್ರಾಂ ಚಿತ್ರಾನ್ನಕ್ಕೆ 28. ಇನ್ನೂರು ಗ್ರಾಂ ಅನ್ನಕ್ಕೆ 56. ಪಾಯಸ ಬೇರೆ. ಒಟ್ಟು 140 ದಾಟಿತು.

ಅದೇ ಸಾಲಿನಲ್ಲಿ, ಸ್ವಲ್ಪ ಆಚೆ, ಹಿರಿಯರೊಬ್ಬರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ‘ಹೋಳಿಗೆ ಬೇಡಪ್ಪಾ, ಶುಗರ್ ಇದೆ.’ ನಿಜವಾದ ಸಂಯಮ ಅದು. ಹೋಳಿಗೆಯೆಂದರೆ ಅವರಿಗೆ ಪ್ರಾಣ. ಆಮೇಲೆ ಸಾರಿಗೊಂದು, ಹುಳಿಗೊಂದು, ಮೊಸರಿಗೊಂದು ಸುತ್ತು ಅನ್ನ ಬರುತ್ತದೆ. ಮೂರು ಸುತ್ತಿಗೆ 400 ಗ್ರಾಂ ಅನ್ನವಾದರೂ 112 ಗ್ರಾಂ ಕಾರ್ಬ್. ಮೊದಲು ಹಾಕಿಸಿಕೊಂಡ ಚಿತ್ರಾನ್ನ ಸೇರಿದರೆ ಅವರ ಎಲೆಯೂ 140.

ಹುಡುಗಿಯ ಎಲೆಗೆ ಲೆಕ್ಕವಿದೆ, ಅದಕ್ಕೆ ತಕ್ಕ ಇನ್ಸುಲಿನ್ ಇದೆ. ಹಿರಿಯರ ಎಲೆಗೆ ಲೆಕ್ಕವೂ ಇಲ್ಲ, ತಾವು ಪಥ್ಯ ಮುರಿದೆವೆಂಬ ಅನುಮಾನವೂ ಅವರಿಗಿಲ್ಲ. ಅದು ಅವರ ತಪ್ಪಲ್ಲ. ‘ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ’ ಎಂಬ ಎರಡು ಮಾತಿನಾಚೆ ಅವರಿಗೆ ಯಾರೂ ಏನನ್ನೂ ಹೇಳಿಕೊಟ್ಟಿಲ್ಲ. ಎಷ್ಟಿದ್ದುದನ್ನು ಎಷ್ಟಕ್ಕೆ ಇಳಿಸಬೇಕು?

ತಕ್ಕಡಿಯ ಮುಂದೆ ಕಳೆದ ಬಾಲ್ಯ

ಊಟದ ಕಾರ್ಬೋಹೈಡ್ರೇಟನ್ನು ಗ್ರಾಂ ಲೆಕ್ಕದಲ್ಲಿ ಅಳೆಯುವುದು ಇನ್ಸುಲಿನ್‌ಗಿಂತಲೂ ಹಳೆಯ ಪದ್ಧತಿ. ಆಗ ಅದು ಬದುಕನ್ನು ಒಂದಿಷ್ಟು ದಿನ ಎಳೆಯುವ ಕ್ರೂರ ಉಪಾಯವಾಗಿತ್ತು.

ಎಲಿಜಬೆತ್ ಹ್ಯೂಸ್ ಅಮೆರಿಕದ ವಿದೇಶಾಂಗ ಸಚಿವ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು. 1919ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ ಅವಳಿಗೆ ಮಧುಮೇಹ ಕಾಣಿಸಿಕೊಂಡಿತು. ಆ ಕಾಲದಲ್ಲಿ ಮಕ್ಕಳಿಗೆ ಈ ರೋಗ ಬಂತೆಂದರೆ ಮರಣಶಾಸನ. ಡಾ. ಫ್ರೆಡರಿಕ್ ಆಲೆನ್ ಅವರ ‘ಉಪವಾಸ ಚಿಕಿತ್ಸೆ’ಯೊಂದೇ ದಾರಿ. ಮೂತ್ರದಲ್ಲಿ ಸಕ್ಕರೆ ಕಾಣದಿರುವಷ್ಟು ಮಾತ್ರ ಆಹಾರ. ತರಕಾರಿಯಲ್ಲಿರುವ ಕಾರ್ಬೋಹೈಡ್ರೇಟ್ ಕೂಡ ಹೋಗಲೆಂದು ಅದನ್ನು ಮೂರು ಬಾರಿ ಬೇಯಿಸಿ ನೀರು ಬಸಿದು ಕೊಡುತ್ತಿದ್ದರು. ಎಲಿಜಬೆತ್ ತಿಂದ ಒಂದೊಂದು ತುಣುಕೂ ತೂಕವಾಗಿ, ಬರಹಕ್ಕಿಳಿದು ತಟ್ಟೆಗೆ ಬರುತ್ತಿತ್ತು. ಮೂರು ವರ್ಷ ಅವಳು ಹಾಗೆಯೇ ಬದುಕಿದಳು. 1922ರ ಆಗಸ್ಟ್‌ನಲ್ಲಿ ತಾಯಿಯ ಜೊತೆ ಕೆನಡಾದ ಟೊರಾಂಟೊ ತಲುಪಿದಾಗ, ಹದಿನೈದು ತುಂಬುತ್ತಿದ್ದ, ಐದು ಅಡಿ ಎತ್ತರದ ಆ ಹುಡುಗಿಯ ತೂಕ ಸುಮಾರು 20 ಕೆಜಿ.

ಅಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಇದ್ದರು. ಅವರ ಕೈಯಲ್ಲಿ ಇನ್ಸುಲಿನ್ ಇತ್ತು. ಕೆಲವೇ ವಾರಗಳಲ್ಲಿ ಎಲಿಜಬೆತ್ ಬ್ರೆಡ್ಡು, ಆಲೂಗಡ್ಡೆ ತಿನ್ನತೊಡಗಿದಳು, ಮೈ ತುಂಬಿಕೊಂಡಳು. ಮುಂದೆ ಮದುವೆಯಾಗಿ, ಮೂರು ಮಕ್ಕಳ ತಾಯಿಯಾಗಿ, 1981ರವರೆಗೆ ಬದುಕಿದಳು.

[ಚೌಕಟ್ಟು: ನವೆಂಬರ್ 14 ಏಕೆ?]
*ಅದು ಬ್ಯಾಂಟಿಂಗ್ ಹುಟ್ಟಿದ ದಿನ (1891). 1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಮೆಕ್ಲಾಯ್ಡ್ ಅವರ ಪ್ರಯೋಗಾಲಯದಲ್ಲಿ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಮೇದೋಜೀರಕ ಗ್ರಂಥಿಯ ಸಾರ ತೆಗೆದರು. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು. ಅದು ಅಷ್ಟಾಗಿ ಫಲಿಸಲಿಲ್ಲ. ಜನವರಿ 23ರ ಶುದ್ಧ ಸಾರ ಫಲಿಸಿತು. ಮರುವರ್ಷವೇ ಬ್ಯಾಂಟಿಂಗ್ ಮತ್ತು ಮೆಕ್ಲಾಯ್ಡ್‌ಗೆ ನೊಬೆಲ್ ಬಂತು.*

ಇನ್ಸುಲಿನ್ ಬಂದ ಮೇಲೂ ತಕ್ಕಡಿ ಹೋಗಲಿಲ್ಲ, ಅದರ ಕೆಲಸ ಬದಲಾಯಿತು. ‘ಇಷ್ಟಕ್ಕಿಂತ ಹೆಚ್ಚು ತಿನ್ನಬೇಡ’ ಎನ್ನುತ್ತಿದ್ದ ತಕ್ಕಡಿ, ‘ಇಷ್ಟು ತಿಂದರೆ ಇಷ್ಟು ಇನ್ಸುಲಿನ್’ ಎನ್ನತೊಡಗಿತು. 1950ರಲ್ಲಿ ಅಮೆರಿಕದ ವೈದ್ಯರೂ ಆಹಾರತಜ್ಞರೂ ಸೇರಿ ‘ವಿನಿಮಯ ಪಟ್ಟಿ’ ತಯಾರಿಸಿದರು. ಸಮಾನ ಪೋಷಕಾಂಶವಿರುವ ಆಹಾರಗಳು ಒಂದೊಂದು ಗುಂಪಾದವು. ಒಂದರ ಬದಲು ಇನ್ನೊಂದನ್ನು ತಿನ್ನಬಹುದಾಯಿತು. ಕಾರ್ಬೋಹೈಡ್ರೇಟನ್ನು 15 ಗ್ರಾಂಗಳ ಪಾಲಾಗಿ ಎಣಿಸುವ ಇಂದಿನ ರೂಢಿ ಇದೇ ದಾರಿಯಲ್ಲಿ ಬೆಳೆಯಿತು.

ಈ ಲೆಕ್ಕಕ್ಕೆ ದೊಡ್ಡ ಮನ್ನಣೆ ಸಿಕ್ಕಿದ್ದು 1993ರಲ್ಲಿ. ಟೈಪ್ 1 ಮಧುಮೇಹವಿದ್ದ 1,441 ಜನರನ್ನು ಸರಾಸರಿ ಆರೂವರೆ ವರ್ಷ ಗಮನಿಸಿದ ಅಮೆರಿಕ–ಕೆನಡಾದ ಅಧ್ಯಯನವೊಂದು, ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದೆಂದು ತೋರಿಸಿತು. ಆ ಬಿಗಿ ಸಾಧಿಸಲು ರೋಗಿಗಳಿಗೆ ಕಲಿಸಿದ ವಿದ್ಯೆಗಳಲ್ಲಿ ಕಾರ್ಬ್ ಎಣಿಕೆಯೂ ಒಂದು.

ಕನಕದಾಸರ ವ್ಯಾಜ್ಯ, ಇಂದಿನ ತೀರ್ಪು

ಅಕ್ಕಿ ಮೇಲೋ ರಾಗಿ ಮೇಲೋ ಎಂಬ ಜಗಳ ಕನ್ನಡಕ್ಕೆ ಹೊಸದಲ್ಲ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತವೂ ರಾಗಿಯೂ ಶ್ರೀರಾಮನ ಸಭೆಯಲ್ಲಿ ವಾದಕ್ಕೆ ನಿಲ್ಲುತ್ತವೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಭತ್ತ ಬಾಡುತ್ತದೆ, ರಾಗಿ ಗಟ್ಟಿಯಾಗಿ ಉಳಿದು ಗೆಲ್ಲುತ್ತದೆ. ಬಡವರ ಧಾನ್ಯಕ್ಕೆ ಮರ್ಯಾದೆ ತಂದುಕೊಟ್ಟ ಆ ಕಾವ್ಯದ ತೀರ್ಪನ್ನು ಕನ್ನಡಿಗರು ಇವತ್ತಿಗೂ ಎದೆಗೊತ್ತಿಕೊಂಡಿದ್ದಾರೆ. ಸಕ್ಕರೆ ಕಾಯಿಲೆ ಎಂದಕೂಡಲೇ ಮೊದಲು ಬರುವ ಸಲಹೆ ‘ಅನ್ನ ಬಿಡಿ, ಮುದ್ದೆ ತಿನ್ನಿ’.

ರಾಗಿಯ ಹಿರಿಮೆ ಸುಳ್ಳಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ, 528 ಆಹಾರಗಳ ಅಂಶ ಹೇಳುವ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 11 ಗ್ರಾಂ ನಾರು, ಪಾಲಿಷ್ ಆದ ಅಕ್ಕಿಗೆ 3 ಗ್ರಾಂಗೂ ಕಡಿಮೆ. ಸುಣ್ಣದಂಶದಲ್ಲಂತೂ ರಾಗಿಯ ಹತ್ತಿರ ಬರುವ ಧಾನ್ಯವಿಲ್ಲ.

ಆದರೆ ಅದೇ ಕೋಷ್ಟಕದ ಕಾರ್ಬೋಹೈಡ್ರೇಟ್ ಸಾಲನ್ನು ನೋಡಿ. ಅಕ್ಕಿ 78 ಗ್ರಾಂ. ಜೋಳ 68. ರಾಗಿ 67. ಗೋಧಿಹಿಟ್ಟು 64. ಸಾಮೆ, ಹಾರಕ ಎರಡೂ 66ರ ಆಸುಪಾಸು. ಧಾನ್ಯವೆಂದ ಮೇಲೆ ಅದು ಪಿಷ್ಟದ ಕಣಜ. ಅಕ್ಕಿಗೂ ಉಳಿದವಕ್ಕೂ ಅಂತರವಿದೆ, ಆದರೆ ನಾವು ಅಂದುಕೊಂಡಷ್ಟು ಇಲ್ಲ. ನೂರು ಗ್ರಾಂ ಹಿಟ್ಟಿನ ಒಂದು ದೊಡ್ಡ ಮುದ್ದೆಯಲ್ಲಿ 67 ಗ್ರಾಂ ಕಾರ್ಬ್ ಇದೆ. ಅಷ್ಟೇ ಕಾರ್ಬ್ ಬೇಕೆಂದರೆ ಸುಮಾರು 240 ಗ್ರಾಂ ಅನ್ನ ಉಣ್ಣಬೇಕು. ರಾತ್ರಿ ಅನ್ನ ಬಿಟ್ಟು ನಾಲ್ಕು ಚಪಾತಿ ತಿನ್ನುವವರ ತಟ್ಟೆಯಲ್ಲಿ, ಚಪಾತಿಗೆ 30 ಗ್ರಾಂ ಹಿಟ್ಟಿನಂತೆ, 77 ಗ್ರಾಂ ಕಾರ್ಬ್ ಇರುತ್ತದೆ.

ಬಿಸಿಲಲ್ಲಿ ಗುದ್ದಲಿ ಹಿಡಿದವರ ಊಟವಾಗಿತ್ತು ಮುದ್ದೆ. ಎರಡು ಮುದ್ದೆ ನುಂಗಿ ಹೊಲಕ್ಕಿಳಿದವರ ಸ್ನಾಯುಗಳು ಆ ಗ್ಲೂಕೋಸನ್ನು ಸಂಜೆಯೊಳಗೆ ಬಳಸಿಕೊಳ್ಳುತ್ತಿದ್ದವು. ಅದೇ ಗಾತ್ರದ ಮುದ್ದೆ ಕುರ್ಚಿಯ ಕೆಲಸದವರ ತಟ್ಟೆಗೆ ಬಂದಾಗ ಅಳತೆ ಬದಲಾಗಬೇಕಿತ್ತು. ಧಾನ್ಯದ ಹೆಸರಿಗೆ ಇರುವ ಗೌರವ ಅಳತೆಯನ್ನು ಮರೆಸಿಬಿಟ್ಟಿದೆ.

ಇದನ್ನು ದೊಡ್ಡ ಮಟ್ಟದಲ್ಲಿ ತೋರಿಸಿಕೊಟ್ಟಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಸಮೀಕ್ಷೆ. ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂಬ 2023ರ ಅಂದಾಜು ಇದರದ್ದೇ. ಇದರ ಆಹಾರ ವಿಭಾಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಭಾರತೀಯರು ದಿನದ ಶಕ್ತಿಯ 62% ಭಾಗವನ್ನು ಕಾರ್ಬೋಹೈಡ್ರೇಟಿನಿಂದಲೇ ಪಡೆಯುತ್ತಾರೆ, ಅದರಲ್ಲಿ ಬಹುಪಾಲು ಬಿಳಿ ಅಕ್ಕಿ ಮತ್ತು ಹಿಟ್ಟಿನಿಂದ. ಕಿರುಧಾನ್ಯ ಇನ್ನೂ ದಿನದ ಊಟವಾಗಿ ಉಳಿದಿರುವ ಮೂರೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಆ ವರದಿಯ ಒಂದು ಅಂಶವನ್ನು ಸಿರಿಧಾನ್ಯದ ಅಂಗಡಿಗಳ ಬಾಗಿಲಲ್ಲಿ ಬರೆದು ಹಾಕಬೇಕು. ಒಟ್ಟು ಕಾರ್ಬೋಹೈಡ್ರೇಟ್ ಅಷ್ಟೇ ಇಟ್ಟುಕೊಂಡು, ಬಿಳಿ ಅಕ್ಕಿ ಅಥವಾ ಮೈದಾದ ಜಾಗಕ್ಕೆ ಗೋಧಿಹಿಟ್ಟನ್ನೋ ಕಿರುಧಾನ್ಯದ ಹಿಟ್ಟನ್ನೋ ತಂದರೆ ಮಧುಮೇಹದ ಅಪಾಯ ಕಡಿಮೆಯಾದಂತೆ ಕಾಣಲಿಲ್ಲ. ಅಪಾಯ ಇಳಿದಂತೆ ಕಂಡದ್ದು, ಶಕ್ತಿಯ 5% ಭಾಗವನ್ನು ಕಾರ್ಬೋಹೈಡ್ರೇಟಿನಿಂದ ತೆಗೆದು ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನಿಗೆ ಕೊಟ್ಟಾಗ.

ವೇಗವೂ ಮುಖ್ಯ, ತೂಕವೂ ಮುಖ್ಯ

ಹಾಗಾದರೆ ‘ನಿಧಾನಕ್ಕೆ ಸಕ್ಕರೆ ಬಿಡುವ’ ಧಾನ್ಯ ಎಂಬ ಮಾತಿಗೆ ಅರ್ಥವಿಲ್ಲವೇ? ಇದೆ. 1981ರಲ್ಲಿ ಟೊರಾಂಟೊದಲ್ಲೇ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಗ್ಲೈಸಿಮಿಕ್ ಇಂಡೆಕ್ಸ್ ಎಂಬ ಅಳತೆಯನ್ನು ಮುಂದಿಟ್ಟರು. ಸಾಮಾನ್ಯವಾಗಿ 50 ಗ್ರಾಂ ಕಾರ್ಬ್ ಇರುವಷ್ಟು ಆಹಾರ ಕೊಟ್ಟು, ಎರಡು ಗಂಟೆಯ ಅವಧಿಯಲ್ಲಿ ರಕ್ತದ ಸಕ್ಕರೆ ಏರುವ ಪರಿಯನ್ನು ಶುದ್ಧ ಗ್ಲೂಕೋಸಿನ ಜೊತೆ ಹೋಲಿಸುತ್ತಾರೆ. 55ರವರೆಗೆ ಕಡಿಮೆ, 70 ಮತ್ತು ಮೇಲ್ಪಟ್ಟರೆ ಹೆಚ್ಚು. ಚೆನ್ನೈನ ಸಂಶೋಧಕರು 2012ರಲ್ಲಿ ಅಳೆದಾಗ, ನಮ್ಮ ಮನೆಮನೆಯ ಸೋನಾ ಮಸೂರಿ 72ಕ್ಕೆ ನಿಂತಿತು. ಕಿರುಧಾನ್ಯಗಳ ಸರಾಸರಿ 52.7 ಎಂದು 2021ರಲ್ಲಿ ಇಕ್ರಿಸ್ಯಾಟ್ ನೇತೃತ್ವದ ವಿಶ್ಲೇಷಣೆ ಹೇಳಿತು.

ಆದರೆ ಈ ಸಂಖ್ಯೆ ಹೇಳುವುದು ಏರುವ ವೇಗದ ಕಥೆ. ತಿಂದದ್ದು ಎಷ್ಟೆಂಬುದು ಅದಕ್ಕೆ ಗೊತ್ತಿಲ್ಲ. ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿದರೆ ಊಟದ ಹೊರೆ ಸಿಗುತ್ತದೆ. ಸೋನಾ ಮಸೂರಿಯ ಅನ್ನದಿಂದ 40 ಗ್ರಾಂ ಕಾರ್ಬ್ ತಿಂದವರ ಹೊರೆ 29. ‘ಸಿರಿಧಾನ್ಯ ತಾನೇ’ ಎಂದು ಎರಡು ತಟ್ಟೆ ತುಂಬ ಬಿಸಿಬೇಳೆಬಾತ್ ಮಾಡಿಕೊಂಡು 80 ಗ್ರಾಂ ಕಾರ್ಬ್ ತಿಂದವರ ಹೊರೆ 42.

ವೇಗವೂ ಅಡುಗೆಯವರ ಕೈಯಲ್ಲಿದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಜೀರ್ಣವಾಗುತ್ತದೆ, ಇಡೀ ಕಾಳು ನಿಧಾನ. ಕರಾವಳಿಯ ಕುಚ್ಚಲಕ್ಕಿ ಸಾಮಾನ್ಯವಾಗಿ ಬೆಳ್ತಿಗೆ ಅಕ್ಕಿಗಿಂತ ನಿಧಾನ: ಭತ್ತವನ್ನು ಹೊಟ್ಟಿನ ಸಮೇತ ಬೇಯಿಸಿ ಒಣಗಿಸುವಾಗ ಪಿಷ್ಟದ ರಚನೆಯೇ ಬದಲಾಗುತ್ತದೆ. ಅನ್ನ ಆರಿ ತಣ್ಣಗಾದಾಗಲೂ ಒಂದಿಷ್ಟು ಪಿಷ್ಟ ಸುಲಭಕ್ಕೆ ಕರಗದ ರೂಪಕ್ಕೆ ತಿರುಗುತ್ತದೆ.

ಉಣ್ಣುವ ಕ್ರಮದ್ದೂ ಪಾತ್ರವಿದೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ 2015ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ತರಕಾರಿ ಮತ್ತು ಪ್ರೋಟೀನ್ ಮೊದಲು, ಬ್ರೆಡ್ಡು ಕೊನೆಗೆ ತಿಂದ ದಿನ ಟೈಪ್ 2 ರೋಗಿಗಳ ಸಕ್ಕರೆ ಸ್ಪಷ್ಟವಾಗಿ ಕಡಿಮೆ ಏರಿತು. ಬಾಳೆ ಎಲೆಗೆ ಮೊದಲು ಬೀಳುವ ನೆನೆಸಿದ ಹೆಸರುಬೇಳೆ ಕೋಸಂಬರಿ ಮತ್ತು ಪಲ್ಯ ಈ ಕ್ರಮಕ್ಕೆ ಹೇಳಿ ಮಾಡಿಸಿದವು. ಇವತ್ತು ಅವು ಒಂದೊಂದು ಚಮಚಕ್ಕೆ ಇಳಿದು ಎಲೆಯ ಅಲಂಕಾರವಾಗಿವೆ. ಅನ್ನಕ್ಕೆ ಮೊದಲು ಅವನ್ನು ಒಂದೊಂದು ಬಟ್ಟಲು ತಿನ್ನುವ ಮನೆಯಲ್ಲಿ ಅನ್ನದ ಎರಡನೇ ಸುತ್ತು ತಾನಾಗಿ ಕಿರಿದಾಗುತ್ತದೆ.

[ಚೌಕಟ್ಟು: 15 ಗ್ರಾಂ ಕಾರ್ಬ್ ಎಂದರೆ]
*ಅನ್ನ ಸುಮಾರು 50–55 ಗ್ರಾಂ. ರಾಗಿಹಿಟ್ಟು ಅಥವಾ ಜೋಳದ ಹಿಟ್ಟು 22 ಗ್ರಾಂ. ಗೋಧಿಹಿಟ್ಟು 23 ಗ್ರಾಂ. ತೊಗರಿಬೇಳೆ 27 ಗ್ರಾಂ (ಜೊತೆಗೆ 6 ಗ್ರಾಂ ಪ್ರೋಟೀನ್). ಹಾಲು 300 ಮಿಲಿ. ಚಿಕ್ಕ ಏಲಕ್ಕಿ ಬಾಳೆಹಣ್ಣು ಒಂದು. ಸಕ್ಕರೆ ಮೂರು ಚಿಕ್ಕ ಚಮಚ. ಬೆಲ್ಲ 18 ಗ್ರಾಂ: 100 ಗ್ರಾಂ ಬೆಲ್ಲದಲ್ಲಿ 85 ಗ್ರಾಂ ಕಾರ್ಬ್ ಇರುವುದರಿಂದ ಸಕ್ಕರೆಗೂ ಬೆಲ್ಲಕ್ಕೂ ಈ ಲೆಕ್ಕದಲ್ಲಿ ಅಂತರ ಬಹಳ ಕಡಿಮೆ. ಹಿಟ್ಟು, ಬೇಳೆಯ ತೂಕ ಬೇಯಿಸುವ ಮುಂಚಿನದು.*

ಪಾವು, ಸೌಟು, ತಕ್ಕಡಿ

ಕಾರ್ಬ್ ಎಣಿಕೆ ಎಂದರೆ ಫೋನಿನ ಆ್ಯಪ್, ವಿದೇಶಿ ತಿನಿಸುಗಳ ಪಟ್ಟಿ, ಪ್ರತಿ ತುತ್ತಿಗೂ ಗಣಿತ ಎಂದು ಹೆದರುವವರೇ ಹೆಚ್ಚು. ನಿಜಕ್ಕೂ ಬೇಕಾದದ್ದು ಒಂದು ಅಡುಗೆಮನೆ ತಕ್ಕಡಿ, ಅದೂ ಒಂದೆರಡು ವಾರಕ್ಕೆ.

ಕಷ್ಟ ಇರುವುದು ಬೆಂದ ಅಡುಗೆಯಲ್ಲಿ. ಅಕ್ಕಿ ನೀರು ಕುಡಿದು ಎರಡೂವರೆ-ಮೂರು ಪಟ್ಟು ತೂಗುತ್ತದೆ. ಒಬ್ಬರ ಮನೆಯ ಅನ್ನ ಉದುರು, ಇನ್ನೊಬ್ಬರದು ಮುದ್ದೆ. ಹುಳಿಯಲ್ಲಿ ಬೇಳೆ ಎಷ್ಟು, ನೀರು ಎಷ್ಟು ಎಂಬುದು ಮನೆಯಿಂದ ಮನೆಗೆ ಬೇರೆ. ಹಾಗಾಗಿ ಬೆಂದ ಮೇಲೆ ಅಳೆಯುವುದಕ್ಕಿಂತ ಬೇಯುವ ಮುಂಚೆ ಅಳೆಯುವುದು ಸುಲಭ. ನಮ್ಮ ಅಡುಗೆಮನೆಗೆ ಈ ಅಭ್ಯಾಸ ಮೊದಲಿಂದಲೂ ಇದೆ. ‘ನಾಲ್ಕು ಜನಕ್ಕೆ ಒಂದು ಪಾವು’ ಎಂದು ಅಕ್ಕಿ ಅಳೆದುಕೊಂಡೇ ಅಜ್ಜಿಯರು ಎಸರಿಡುತ್ತಿದ್ದರು.

ಆ ಪಾವಿನಲ್ಲಿ ಎಷ್ಟು ಗ್ರಾಂ ಅಕ್ಕಿ ಹಿಡಿಯುತ್ತದೆಂದು ಒಮ್ಮೆ ತೂಗಿ ಡಬ್ಬಿಯ ಮೇಲೆ ಬರೆದಿಟ್ಟರೆ ಅರ್ಧ ಕೆಲಸ ಮುಗಿಯಿತು. 200 ಗ್ರಾಂ ಎಂದಾದರೆ ಅದರಲ್ಲಿ 156 ಗ್ರಾಂ ಕಾರ್ಬ್. ನಾಲ್ವರು ಸಮನಾಗಿ ಹಂಚಿಕೊಂಡರೆ ತಲೆಗೆ 39. ಮುದ್ದೆಗೂ ಇದೇ ದಾರಿ: ಹಾಕಿದ ಹಿಟ್ಟನ್ನು ತೂಗಿ, ಬಂದ ಮುದ್ದೆಗಳ ಸಂಖ್ಯೆಯಿಂದ ಭಾಗಿಸುವುದು. ಜೋಳದ ರೊಟ್ಟಿಗೆ ಹಿಟ್ಟಿನ ಉಂಡೆ ಕಟ್ಟುವ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಕೈ ಎಷ್ಟು ಪಳಗಿರುತ್ತದೆಂದರೆ, ಒಂದು ರೊಟ್ಟಿಗೂ ಇನ್ನೊಂದಕ್ಕೂ ತೂಕದಲ್ಲಿ ಹೆಚ್ಚುಕಡಿಮೆಯೇ ಇರುವುದಿಲ್ಲ. ಒಂದು ರೊಟ್ಟಿಯ ಲೆಕ್ಕ ಸಿಕ್ಕರೆ ಸಾಕು, ವರ್ಷವಿಡೀ ಅದೇ ಲೆಕ್ಕ.

ಅನ್ನ ಬಡಿಸುವ ಸೌಟನ್ನೂ ಹೀಗೇ ಗುರುತು ಮಾಡಿಕೊಳ್ಳಬಹುದು. ಮನೆಯ ಸೌಟಿಗೆ ಎಷ್ಟು ಗ್ರಾಂ ಅನ್ನ ಬರುತ್ತದೆಂದು ನಾಲ್ಕೈದು ಬಾರಿ ತೂಗಿದರೆ ಕಣ್ಣು ಪಳಗುತ್ತದೆ. ಆಮೇಲೆ ತಕ್ಕಡಿ ಅಟ್ಟ ಸೇರಿದರೂ ತೊಂದರೆಯಿಲ್ಲ. ಅಂಗೈಯಗಲದ ಸಾಧಾರಣ ಇಡ್ಲಿಗೆ ಸುಮಾರು 10 ಗ್ರಾಂ ಕಾರ್ಬ್ ಎಂದಿಟ್ಟುಕೊಂಡರೆ, ತಟ್ಟೆ ಇಡ್ಲಿ ಅದರ ಎರಡು-ಮೂರು ಪಟ್ಟು ಎಂದು ನೋಟಕ್ಕೇ ತಿಳಿಯುತ್ತದೆ.

ಹೋಟೆಲಿನಲ್ಲಿ ಮಾತ್ರ ಅಂದಾಜೇ ಗತಿ. ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂಬ ನಿಯಮ 2022ರ ಜುಲೈನಿಂದ ಜಾರಿಗೆ ಬಂದಿದೆ. ಕ್ಯಾಲೊರಿಯಲ್ಲಿ ಎಣ್ಣೆ, ತುಪ್ಪ ಎಲ್ಲ ಸೇರಿರುವುದರಿಂದ ಇನ್ಸುಲಿನ್ ಎಣಿಸುವವರಿಗೆ ಅದರಿಂದ ಉಪಯೋಗ ಕಡಿಮೆ. ಬೀದಿ ಬದಿಯ ದರ್ಶಿನಿಗೆ ಆ ನಿಯಮವೂ ಅನ್ವಯಿಸುವುದಿಲ್ಲ. ಪೊಟ್ಟಣದ ಆಹಾರ ಎಷ್ಟೋ ವಾಸಿ. ಹಿಂಬದಿಯ ಚೌಕದಲ್ಲಿ ಒಟ್ಟು ಕಾರ್ಬೋಹೈಡ್ರೇಟ್, ಒಟ್ಟು ಸಕ್ಕರೆ, ಹೊರಗಿಂದ ಸೇರಿಸಿದ ಸಕ್ಕರೆ ಮೂರೂ ಇರಬೇಕು. ನೋಡಬೇಕಾದದ್ದು ಮೊದಲ ಸಾಲು. ‘ಸಕ್ಕರೆ ಸೇರಿಸಿಲ್ಲ’ ಎಂದು ಮುಂಬದಿಯಲ್ಲಿ ದೊಡ್ಡದಾಗಿ ಬರೆದ ಬಿಸ್ಕತ್ತಿನಲ್ಲೂ ಹಿಟ್ಟಿನ ಕಾರ್ಬ್ ಪೂರ್ತಿ ಇರುತ್ತದೆ.

ಲೆಕ್ಕ ಸರಿಯಾಯಿತೇ ಎಂದು ತಿಳಿಯುವುದು ಗ್ಲೂಕೋಮೀಟರಿನಿಂದ. ಊಟಕ್ಕೆ ಮುಂಚೆ ಒಮ್ಮೆ, ಎರಡು ಗಂಟೆಯ ಮೇಲೆ ಒಮ್ಮೆ. ಅದೇ 40 ಗ್ರಾಂ ಕಾರ್ಬಿಗೆ ಒಬ್ಬರ ಸಕ್ಕರೆ ಕೊಂಚ ಏರಿದರೆ ಇನ್ನೊಬ್ಬರದು ದುಪ್ಪಟ್ಟು ಏರಬಹುದು. ಊಟದ ನಂತರ ಹತ್ತು-ಹದಿನೈದು ನಿಮಿಷ ನಡೆದ ದಿನ ಒಂದು ಬಗೆ, ಟಿವಿ ಮುಂದೆ ಕೂತ ದಿನ ಇನ್ನೊಂದು. ತೋಳಿಗೆ ಅಂಟಿಸುವ ಸೆನ್ಸರುಗಳು ಈ ಏರಿಳಿತವನ್ನು ಕೆಲ ನಿಮಿಷಗಳಿಗೊಮ್ಮೆ ಫೋನಿನಲ್ಲಿ ತೋರಿಸುತ್ತವೆ. ಎರಡು ವಾರ ಅದನ್ನು ಧರಿಸಿದವರು ತಮ್ಮ ಊಟದ ಬಗ್ಗೆ ಕಲಿಯುವಷ್ಟು ಯಾವ ಉಪನ್ಯಾಸವೂ ಕಲಿಸದು. ಬೆಲೆ ಮಾತ್ರ ಇನ್ನೂ ಬಹುಪಾಲು ಮನೆಗಳ ಕೈಗೆ ಎಟುಕುವಂತಿಲ್ಲ.

[ಚೌಕಟ್ಟು: ಸಕ್ಕರೆ ತೀರಾ ಇಳಿದಾಗ]
*ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ, ನಡುಕ, ಬೆವರು, ತಲೆಸುತ್ತು ಕಾಣಿಸಿದರೆ, ತಕ್ಷಣ 15 ಗ್ರಾಂ ಬೇಗ ಕರಗುವ ಕಾರ್ಬ್: ಗ್ಲೂಕೋಸ್ ಪುಡಿ ಅಥವಾ ಮೂರು ಚಿಕ್ಕ ಚಮಚ ಸಕ್ಕರೆ ಕದಡಿದ ನೀರು. 15 ನಿಮಿಷ ಕಾದು ಮತ್ತೆ ಪರೀಕ್ಷೆ, ಏರದಿದ್ದರೆ ಇನ್ನೊಮ್ಮೆ. ಚಾಕೊಲೇಟಿನ ಕೊಬ್ಬು ಸಕ್ಕರೆಯನ್ನು ತಡೆದು ನಿಧಾನಿಸುತ್ತದೆ, ಅದು ಬೇಡ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.*

ಎಣಿಕೆ ಎಲ್ಲಿ ನಿಲ್ಲಬೇಕು

ಟೈಪ್ 1 ಮತ್ತು ಟೈಪ್ 2 ರೋಗಿಗಳ ಲೆಕ್ಕ ಒಂದೇ ಅಲ್ಲ. ಟೈಪ್ 1ರಲ್ಲಿ ಕಾರ್ಬನ್ನು ಎಣಿಸುವುದು ಇನ್ಸುಲಿನ್ ಹೊಂದಿಸಲಿಕ್ಕೆ. ವೈದ್ಯರು ‘15 ಗ್ರಾಂಗೆ ಒಂದು ಯೂನಿಟ್’ ಎಂದು ನಿಗದಿ ಮಾಡಿದ್ದರೆ 60 ಗ್ರಾಂ ಕಾರ್ಬಿನ ಊಟಕ್ಕೆ 4 ಯೂನಿಟ್. ಈ ಅನುಪಾತ ಒಬ್ಬೊಬ್ಬರಿಗೂ ಬೇರೆ, ಬೆಳಿಗ್ಗೆಗೂ ರಾತ್ರಿಗೂ ಬೇರೆ ಇರಬಹುದು. ಮಗು ಎಲ್ಲರಂತೆ ಉಣ್ಣಲಿ, ಬೆಳೆಯಲಿ ಎಂಬುದಕ್ಕಾಗಿಯೇ ಈ ವಿದ್ಯೆ. ಲೆಕ್ಕ ಬಂದಿತೆಂದು ಬೆಳೆಯುವ ಮಗುವಿನ ತಟ್ಟೆಯಿಂದ ಅನ್ನ ಕಿತ್ತುಕೊಂಡರೆ ಎಲಿಜಬೆತ್ ಹ್ಯೂಸಳ ಕಾಲಕ್ಕೆ ಹಿಂತಿರುಗಿದಂತೆ. ಹದಿಹರೆಯದ ಮಕ್ಕಳಲ್ಲಿ ಸದಾ ಊಟದ ಎಣಿಕೆಯೇ ಊಟದ ಭಯವಾಗಿ ತಿರುಗುವುದುಂಟು. ಮನೆಯವರು ಇದನ್ನು ಕಣ್ಣಿಟ್ಟು ನೋಡಬೇಕು.

ಟೈಪ್ 2ರಲ್ಲಿ ಪ್ರತಿ ಗ್ರಾಂ ಎಣಿಸುವ ಅಗತ್ಯ ಬಹಳಷ್ಟು ಜನರಿಗಿಲ್ಲ. ಊಟದಿಂದ ಊಟಕ್ಕೆ ಕಾರ್ಬ್ ಹೆಚ್ಚುಕಡಿಮೆ ಸಮನಾಗಿರಬೇಕು, ಒಟ್ಟು ಪ್ರಮಾಣ ಇಳಿಯಬೇಕು. ಎಷ್ಟು ಇಳಿಯಬೇಕು? ಇಂಡಿಯಾಬ್ ತಂಡದ 2022ರ ಲೆಕ್ಕಾಚಾರ ಇದಕ್ಕೆ ಸಂಖ್ಯೆ ಕೊಟ್ಟಿತು: ಹೊಸದಾಗಿ ಮಧುಮೇಹ ಪತ್ತೆಯಾದವರಲ್ಲಿ ಅದು ಹಿಂದೆ ಸರಿಯಬೇಕಾದರೆ ಶಕ್ತಿಯ 49–54% ಮಾತ್ರ ಕಾರ್ಬೋಹೈಡ್ರೇಟಿನಿಂದ ಬರಬೇಕು.

ಇದನ್ನು ತಟ್ಟೆಗೆ ಇಳಿಸಿ ನೋಡಬಹುದು. ಒಂದು ಗ್ರಾಂ ಕಾರ್ಬ್ ಅಂದರೆ 4 ಕ್ಯಾಲೊರಿ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ 62% ಎಂದರೆ 310 ಗ್ರಾಂ. 50% ಎಂದರೆ 250 ಗ್ರಾಂ. ನಡುವಿನ ಅಂತರ 60 ಗ್ರಾಂ. ಅಂದರೆ ಇಡೀ ದಿನದಲ್ಲಿ ಸುಮಾರು 215 ಗ್ರಾಂ ಅನ್ನ, ಮಧ್ಯಾಹ್ನ ಒಂದು ಸೌಟು, ರಾತ್ರಿ ಒಂದು ಸೌಟು. ‘ಜೀವಮಾನವಿಡೀ ಅನ್ನ ಮುಟ್ಟಬೇಡಿ’ ಎಂಬ ಮಾತಿಗೆ ಹೆದರಿ ಪಥ್ಯವನ್ನೇ ಕೈಬಿಟ್ಟವರಿಗೆ ಈ ಸಂಖ್ಯೆ ಗೊತ್ತಾಗಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಗಳ ಮೇಲಿರುವವರು ಮಾತ್ರ ವೈದ್ಯರಿಗೆ ಹೇಳದೆ ಕಾರ್ಬನ್ನು ಏಕಾಏಕಿ ಕತ್ತರಿಸಬಾರದು. ಔಷಧದ ಪ್ರಮಾಣ ಹಳೆಯದೇ ಉಳಿದು ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಅನ್ನ ತೆಗೆದ ಜಾಗಕ್ಕೆ ಏನು?

ಆ ಎರಡು ಸೌಟು ತೆಗೆದ ಮೇಲೆ ಹೊಟ್ಟೆ ತುಂಬಬೇಕಲ್ಲ? ಈ ಪ್ರಶ್ನೆಗೆ ಉತ್ತರ ಕಾಸಿನಲ್ಲಿದೆ. ಅಕ್ಕಿ ಅಗ್ಗ, ಬೇಳೆ, ಮೊಟ್ಟೆ, ಮೊಸರು, ತರಕಾರಿ ದುಬಾರಿ. ಹಾಗಾಗಿ ಬಡವರ ತಟ್ಟೆಯ ಕಾರ್ಬ್ ಪ್ರಮಾಣವನ್ನು ಅವರಿಗಿಂತ ಹೆಚ್ಚಾಗಿ ಪಡಿತರ ಅಂಗಡಿ ನಿರ್ಧರಿಸುತ್ತದೆ.

2013ರ ಜುಲೈನಲ್ಲಿ ಶುರುವಾದ ಅನ್ನಭಾಗ್ಯ ಕರ್ನಾಟಕದ ಲಕ್ಷಾಂತರ ಮನೆಗಳ ಹಸಿವು ನೀಗಿಸಿತು. ಅದನ್ನು ಮರೆತು ಮಾತಾಡುವುದು ತಪ್ಪು. ಅದರ ಜೊತೆಗೇ ಈ ಲೆಕ್ಕವೂ ಇದೆ: ತಲೆಗೆ ತಿಂಗಳಿಗೆ 10 ಕೆಜಿ ಅಕ್ಕಿ ಎಂದರೆ ದಿನಕ್ಕೆ 333 ಗ್ರಾಂ, ಅದರಲ್ಲಿ 260 ಗ್ರಾಂ ಕಾರ್ಬೋಹೈಡ್ರೇಟ್. ಬೇರೆ ಏನನ್ನೂ ತಿನ್ನುವ ಮೊದಲೇ 1040 ಕ್ಯಾಲೊರಿ ಪಿಷ್ಟ. ಇಪ್ಪತ್ತೊಂದು ದೇಶಗಳ 1.32 ಲಕ್ಷ ಜನರನ್ನು ಗಮನಿಸಿದ ‘ಪ್ಯೂರ್’ ಅಧ್ಯಯನ 2020ರಲ್ಲಿ ಹೇಳಿದ್ದನ್ನು ಇಲ್ಲಿ ನೆನೆಯಬೇಕು: ದಿನಕ್ಕೆ 450 ಗ್ರಾಂ ಅಥವಾ ಹೆಚ್ಚು ಬೆಂದ ಬಿಳಿ ಅನ್ನ ತಿನ್ನುವವರಿಗೆ, 150 ಗ್ರಾಂಗಿಂತ ಕಡಿಮೆ ತಿನ್ನುವವರಿಗಿಂತ ಮಧುಮೇಹದ ಅಪಾಯ ಒಟ್ಟಾರೆ 20% ಹೆಚ್ಚು, ದಕ್ಷಿಣ ಏಷ್ಯಾದಲ್ಲಿ ಅದು 61%. ದಿನಕ್ಕೆ 333 ಗ್ರಾಂ ಅಕ್ಕಿ ಬೆಂದರೆ 800 ಗ್ರಾಂ ದಾಟುತ್ತದೆ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ, ಆ 10 ಕೆಜಿಯಲ್ಲಿ ಹೆಚ್ಚುವರಿಯಾಗಿ ಕೊಡುತ್ತಿದ್ದ 5 ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ಒಪ್ಪಿತು. ಹಂಚಿಕೆಯ ತಾಪತ್ರಯ, ಅಕ್ಕಿಯ ಕಾಳಸಂತೆ ಎಲ್ಲ ಆ ಚರ್ಚೆಯಲ್ಲಿ ಬಂದವು. ಸಕ್ಕರೆ ಕಾಯಿಲೆಯ ಕಣ್ಣಿನಿಂದಲೂ ಇದನ್ನು ನೋಡಬೇಕು. 5 ಕೆಜಿ ಅಕ್ಕಿ ಹೋದರೆ ತಿಂಗಳಿಗೆ ತಲೆಗೆ 3.9 ಕೆಜಿ ಕಾರ್ಬೋಹೈಡ್ರೇಟ್ ಹೋದಂತೆ. ಒಂದು ಕೆಜಿ ತೊಗರಿಬೇಳೆ ಬಂದರೆ 217 ಗ್ರಾಂ ಪ್ರೋಟೀನ್, 90 ಗ್ರಾಂ ನಾರು ಬಂದಂತೆ. ಭೌಗೋಳಿಕ ಗುರುತು ಪಡೆದ ತೊಗರಿ ಬೆಳೆಯುವ ಕಲಬುರಗಿ ಇದೇ ರಾಜ್ಯದಲ್ಲಿರುವಾಗ, ಬೇಳೆಯ ಪಾಲು ಇನ್ನಷ್ಟು ಹಿಗ್ಗಲು ಅವಕಾಶವಿದೆ. ಕಿಟ್ಟಿನ ಸಕ್ಕರೆಯ ಜಾಗಕ್ಕೆ ಇನ್ನೊಂದು ಕೆಜಿ ಹೆಸರುಕಾಳೋ ಹುರುಳಿಯೋ ಬಂದರೆ, ಬಸ್ಸಾರಿನ ಕಾಳು ದಪ್ಪಗಾಗುತ್ತದೆ, ಪಕ್ಕದ ಮುದ್ದೆ ಕಿತ್ತಳೆ ಗಾತ್ರಕ್ಕೆ ಇಳಿದರೂ ಊಟ ಸಾಲುತ್ತದೆ.